ಆಲ್ಫ್ರಿಸ್ಟನ್ ಪಾದ್ರಿಮನೆ

ಆಲ್ಫ್ರಿಸ್ಟನ್ ಪಾದ್ರಿಮನೆ: ಇಂಗ್ಲೆಂಡಿನ ಪೂರ್ವ ಸಸೆಕ್ಸ್ ಪ್ರಾಂತದ ಆಲ್ಫ್ರಿಸ್ಟನ್ ಗ್ರಾಮದಲ್ಲಿ, ಸಂತ ಆಂಡ್ರೂವಿನ ಚರ್ಚಿನ ಮಗ್ಗುಲಲ್ಲಿರುವ ಮರದ ಚೌಕಟ್ಟಿನ ಹುಲ್ಲುಮಾಡಿನ ಮನೆ. ಕಾಲ 14ನೆಯ ಶತಮಾನ. ವಾಸ್ತುಶಿಲ್ಪದ ಚರಿತ್ರಕಾರರು ವೀಲ್ಡನ್ ಮನೆಯೆಂದು ಹೆಸರಿಸಿರುವ ಗ್ರಾಮಗೃಹಗಳ ವರ್ಗಕ್ಕೆ ಸೇರಿದ ಈ ಮನೆ, ಐತಿಹಾಸಿಕ ಸ್ಥಳಗಳ ರಕ್ಷಣೆಗಾಗಿ 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೊಂಡ ಮೊತ್ತಮೊದಲನೆಯ ಕಟ್ಟಡವೂ ಹೌದು.

ಈ ವರ್ಗಕ್ಕೆ ಹೆಸರು ಕೊಟ್ಟ, ಕೆಂಟ್ ಮತ್ತು ಸಸೆಕ್ಸ್ ಪ್ರಾಂತಗಳಲ್ಲಿ ಹಬ್ಬಿರುವ ವೀಲ್ಡ್ ಪ್ರದೇಶ ಜೇಡಿಮಣ್ಣಿನ ನೆಲ, ಓಕ್ ಮರಗಳ ಸೀಮೆ. 1348-49ರ ಮಹಾಮಾರಿಯಲ್ಲಿ ಜನಸಂಖ್ಯೆಯ ದೊಡ್ಡ ಭಾಗ ಅಳಿದುಹೋಗಿ, ಕೂಲಿಯ ದರವೇರಿ, ಉಳುವವರಿಲ್ಲದ ಭೂಮಿ ಬದುಕುಳಿದವರ ಕೈಸೇರಿದಾಗ, ಸಿರಿವಂತರೂ ಅಲ್ಲದ ಬಡವರೂ ಅಲ್ಲದ ಸ್ವತಂತ್ರ ರೈತರ ಒಂದು ವರ್ಗ ಇಲ್ಲಿ ತಲೆಯೆತ್ತಿತು. 14ನೆಯ ಶತಮಾನದ ಉತ್ತರಾರ್ಧದಿಂದ 16ನೆಯ ಶತಮಾನದ ಆರಂಭದವರೆಗೆ ಈ ಬಗೆಯ ಮನೆಗಳು ಎದ್ದುದು ಬಹುಮಟ್ಟಿಗೆ ಇಂಥವರ ಗಳಿಕೆಯಿಂದಲೇ.

ಇಂಥ ಮನೆಯ ವಿನ್ಯಾಸ ಸಾಮಾನ್ಯವಾಗಿ ನಾಲ್ಕು ಅಂಕಣಗಳದು. ನಡುವಣ ಎರಡು ಅಂಕಣಗಳು ನೆಲದಿಂದ ಮಾಡಿನ ನೆತ್ತಿಯವರೆಗೆ ತೆರವಾಗಿರುವ ನಡುಮನೆ; ಒಂದು ತುದಿಯ ಅಂಕಣದಲ್ಲಿ ಕೆಳಗೆ ಪಾನೀಯದ ಮತ್ತು ರೊಟ್ಟಿಯ ಉಗ್ರಾಣಗಳು; ಇನ್ನೊಂದು ತುದಿಯಲ್ಲಿ ಮನೆಯೊಡೆಯನ ಖಾಸಗಿ ಕೋಣೆ, ಅದರ ಮೇಲೆ ಮಲಗುವ ಮಹಡಿ. ಎರಡು ತುದಿಗಳ ಮಹಡಿಗಳೂ ಕೆಳಗೋಡೆಗಿಂತ ಮುಂದಕ್ಕೆ ಚಾಚಿರುವುದರಿಂದ ನಡುಮನೆಯ ಗೋಡೆ ಒಳಸರಿದಂತೆ ತೋರುತ್ತದೆ. ಆದರೆ ಮೂರು ಭಾಗಗಳನ್ನೂ ಆವರಿಸುವ ಮಾಡು ಒಂದೇ ಆದುದರಿಂದ, ನಡುವೆ ಆಧಾರವಿಲ್ಲದೆ ಉಳಿಯುವ ಸೂರನ್ನು ಬಾಗುಮರಗಳ ಆಸರೆಯ ಮೇಲೆ ನಿಲ್ಲಿಸಲಾಗುತ್ತದೆ. ವೀಲ್ಡನ್ ಮನೆಯ ಮುಖಲಕ್ಷಣ ಇದೇ. ನಡುಮನೆಯ ನೆಲದ ಮೇಲೆ ತೆರೆದ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಹೊಗೆಗೂಡಿಲ್ಲದ್ದರಿಂದ ಹೊಗೆ ಮೇಲೇರಿ ಮಾಡಿನ ಸಂದುಗಳಿಂದ ತಾನೇ ಹೊರಬೀಳಬೇಕಾಗಿತ್ತು. ಹಳೆಯ ಪಕಾಸಿಗಳಿಗೆ ಅಂಟಿದ ಮಸಿಯೇ ಈ ಮನೆಗಳ ಮೂಲರೂಪವನ್ನು ಗುರುತಿಸಲು ವಿದ್ವಾಂಸರಿಗೆ ಇಂದು ದೊರೆಯುವ ನಂಬಲರ್ಹ ಸಾಕ್ಷ್ಯವಾಗಿದೆ. ಕಿಟಕಿಗಳಿಗೆ ಗಾಜಿರಲಿಲ್ಲ, ಮರದ ಸರಳುಗಳೂ ಒಳಗಿನ ಕದಗಳೂ ಮಾತ್ರ ಇದ್ದವು.

ಈ ಕಟ್ಟಡಗಳ ನಿಜವಾದ ಹಿರಿಮೆ ಬಡಗಿಯ ಕೆಲಸದಲ್ಲಿದೆ. ಓಕ್ ಮರ ಒಣಗಿದ ಮೇಲೆ ಉಳಿಗೆ ಬಗ್ಗದಷ್ಟು ಗಡುಸಾಗುವುದರಿಂದ ಅದನ್ನು ಹಸಿಯಾಗಿರುವಾಗಲೇ ಕೊಡಲಿಯಿಂದ ಚೌಕಮಾಡಿ ಕೆತ್ತುತ್ತಿದ್ದರು. ಒಂದು ಮರದ ತುದಿಯನ್ನು ನಾಲಗೆಯಂತೆ ತೆಳುಮಾಡಿ, ಇನ್ನೊಂದರಲ್ಲಿ ತೋಡಿದ ರಂಧ್ರಕ್ಕೆ ಸೇರಿಸಿ, ಎರಡನ್ನೂ ಹಾಯ್ದು ಓಕ್ ಗೂಟವನ್ನು ಹೊಡೆಯುತ್ತಿದ್ದರು. ಎರಡು ಮರಗಳಲ್ಲಿ ಕೊರೆದ ತೂತುಗಳನ್ನು ಬೇಕೆಂದೇ ನೂಲೆಳೆಯಷ್ಟು ಹಿಂದುಮುಂದಾಗಿ ಇಡುತ್ತಿದ್ದುದರಿಂದ, ಗೂಟ ಒಳಹೊಕ್ಕಂತೆಲ್ಲ ಕೂಟ ತಾನಾಗಿ ಬಿಗಿಯುತ್ತಿತ್ತು. ಕಬ್ಬಿಣದ ಮೊಳೆಯ ಅಗತ್ಯವೇ ಬೀಳುತ್ತಿರಲಿಲ್ಲ. ಇಡೀ ಚೌಕಟ್ಟನ್ನು ಮೊದಲು ಕೆಲಸದಂಗಳದಲ್ಲಿ ನೆಲದ ಮೇಲೆ ಹಾಸಿ ಜೋಡಿಸಿ, ಪ್ರತಿಯೊಂದು ಕೂಟಕ್ಕೂ ರೋಮನ್ ಅಂಕಿಗಳನ್ನು ಹೋಲುವ ಗೀರುಗುರುತು ಕೊರೆದು, ಬಿಚ್ಚಿ ಸಾಗಿಸಿ, ನಿವೇಶನದಲ್ಲಿ ಅದೇ ಕ್ರಮದಿಂದ ಎತ್ತಿ ನಿಲ್ಲಿಸುತ್ತಿದ್ದರು. ಆ ಗೀರುಗಳು ಹಲವು ಮನೆಗಳಲ್ಲಿ ಇಂದಿಗೂ ಓದುವಂತಿವೆ. ನಡುಮನೆಯ ಮಧ್ಯದ ಅಡ್ಡತೊಲೆಯ ಮೇಲೆ ನಿಂತು, ಮಾಡಿನ ಉದ್ದಕ್ಕೂ ಹಾಯುವ ತೊಲೆಯನ್ನು ನಾಲ್ಕು ಕಡೆಗೆ ಚಾಚಿದ ಬಾಗುಮರಗಳಿಂದ ಹೊರುವ ಕಿರುಗಂಬ ಕೆಳಗೆ ಕುಳಿತವರ ಕಣ್ಣಿಗೆ ಬೀಳುವುದರಿಂದ, ಅದಕ್ಕೆ ಮಾತ್ರ ಪೀಠವನ್ನೂ ಬೋದಿಗೆಯನ್ನೂ ಕಡೆಯುತ್ತಿದ್ದರು. ಮರೆಯಲ್ಲಿರುವ ಮರಗಳು ಒರಟಾಗಿಯೇ ಉಳಿಯುತ್ತಿದ್ದವು. ದುಡಿಮೆಯನ್ನು ಎಲ್ಲಿ ವ್ಯಯಿಸಬೇಕೆಂಬ ಈ ವಿವೇಕ ಮಹಾಸೌಧಗಳ ಶಿಲ್ಪಿಗಳಲ್ಲಿಯೂ ಸುಲಭವಾಗಿ ಕಾಣತಕ್ಕುದಲ್ಲ.

ಕಂಬಗಳ ನಡುವಣ ತೆರಪನ್ನು ಸೀಳಿದ ಕಡ್ಡಿಗಳಿಂದ ಹೆಣೆದ ತಡಿಕೆ ತುಂಬುತ್ತದೆ. ಅದಕ್ಕೆ ಮಣ್ಣು, ಸಗಣಿ, ಹುಲ್ಲುಗಳನ್ನು ಕಲಸಿ ಮೆತ್ತಿ ಸುಣ್ಣ ಬಳಿಯುತ್ತಿದ್ದರು. ಆಲ್ಫ್ರಿಸ್ಟನ್ನಿನ ನಡುಮನೆಯ ನೆಲವಂತೂ ವಿಶೇಷವಾದುದು: ನೆರೆಯ ಗುಡ್ಡಗಳ ಸೀಮೆಸುಣ್ಣದ ಕಲ್ಲನ್ನು ಹಾಸಿ, ದಮ್ಮಸ್ಸು ಮಾಡಿ, ಮೇಲೆ ಹುಳಿತ ಹಾಲನ್ನು ಹೊಯ್ದು ಗಟ್ಟಿಗೊಳಿಸಿದ ಬಿಳಿಯ ನೆಲವದು. ಅಲ್ಲಿಯ ಮೂಲೆಯೊಂದರ ಮರದಲ್ಲಿ ಕೆತ್ತಿದ ಓಕ್ ಎಲೆಯೇ ಟ್ರಸ್ಟಿನ ಲಾಂಛನಕ್ಕೆ ಪ್ರೇರಣೆಯೆಂಬ ನಂಬಿಕೆಯೂ ಉಂಟು.

16ನೆಯ ಶತಮಾನದಲ್ಲಿ ಇಟ್ಟಿಗೆಯ ಹೊಗೆಗೂಡು ಬಳಕೆಗೆ ಬಂದ ಮೇಲೆ ಎತ್ತರದ ನಡುಮನೆಗೆ ಕಾರಣವೇ ಉಳಿಯಲಿಲ್ಲ. ಬಹುತೇಕ ಮನೆಗಳಲ್ಲಿ ಅದರ ನಡುವೆ ಮಹಡಿ ಹಾಸಿ ಕೋಣೆಗಳಾಗಿ ವಿಂಗಡಿಸಿದರು. ಮರಗಳಿಗೆ ಕಪ್ಪು, ಗೋಡೆಗಳಿಗೆ ಬಿಳುಪು ಬಳಿಯುವ ರೂಢಿ ಬಹುಮಟ್ಟಿಗೆ 19ನೆಯ ಶತಮಾನದ ಅಭಿರುಚಿಯ ಫಲ; ಈ ಸೀಮೆಯ ಮಧ್ಯಯುಗದ ಬಡಗಿ ಓಕ್ ಮರವನ್ನು ಅದರ ಸಹಜ ಬಣ್ಣದಲ್ಲಿಯೇ ಬಿಡುತ್ತಿದ್ದನು.

ಆಲ್ಫ್ರಿಸ್ಟನ್ ಮನೆ 19ನೆಯ ಶತಮಾನದಲ್ಲಿ ಕೂಲಿಕಾರರ ಎರಡು ಬಿಡಾರಗಳಾಗಿ ಒಡೆದು, ಜೀರ್ಣವಾಗಿ, ಚರ್ಚಿನ ಅಧಿಕಾರಿಗಳಿಂದ ಕೆಡವುವ ಒಪ್ಪಿಗೆಯನ್ನೂ ಪಡೆದಿತ್ತು. ಗ್ರಾಮದ ಪಾದ್ರಿ ಎಫ್. ಡಬ್ಲ್ಯೂ. ಬೇನನ್ ಅವರು ಇದನ್ನು ಉಳಿಸಬೇಕೆಂದು ಪಟ್ಟುಹಿಡಿದು, 1877ರಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘದ ಮೊರೆಹೊಕ್ಕರು. ಸಂಘ ಅವರನ್ನು ನ್ಯಾಷನಲ್ ಟ್ರಸ್ಟಿನ ಬಳಿಗೆ ಕಳಿಸಿತು. ಟ್ರಸ್ಟಿನ ಸ್ಥಾಪಕರಲ್ಲೊಬ್ಬರಾದ ಆಕ್ಟೇವಿಯಾ ಹಿಲ್ ಈ ಚಿಕ್ಕ ಮನೆಗಾಗಿ ಬಹಳವಾಗಿ ದುಡಿದರು. 1896ರಲ್ಲಿ ಮನೆ 10 ಪೌಂಡುಗಳಿಗೆ ಟ್ರಸ್ಟಿನದಾಯಿತು. ದುರಸ್ತಿಗೆ ಬೇಕಾದುದು ಇದರ ಹಲವು ಪಟ್ಟು, ಅದನ್ನು ಸಾರ್ವಜನಿಕರ ವಂತಿಗೆಯಿಂದ ಕೂಡಿಸಬೇಕಾಯಿತು. ಹಳೆಯದನ್ನು ಹೊಸದರಂತೆ ಮಾಡಬಾರದು, ಇದ್ದುದನ್ನು ಇದ್ದಂತೆ ಬಲಪಡಿಸಬೇಕು ಎಂಬ ಸಂಘದ ತತ್ತ್ವಕ್ಕೆ ಅನುಸಾರವಾಗಿ ವಾಸ್ತುಶಿಲ್ಪಿ ಆಲ್ಫ್ರೆಡ್ ಪೊವೆಲ್ ಜೀರ್ಣೋದ್ಧಾರವನ್ನು ನಡೆಸಿದರು. ಸಾಮಾನ್ಯನ ವಾಸಗೃಹವೂ ರಾಷ್ಟ್ರದ ಸಂಪತ್ತೆಂಬುದು ಆ ದೇಶದಲ್ಲಿ ಹೀಗೆ ಕೃತಿಯಿಂದ ಸಿದ್ಧವಾಯಿತು.

ಇದೇ ವರ್ಗದ ಇನ್ನೊಂದು ಉತ್ತಮ ನಿದರ್ಶನ ಕೆಂಟ್ ಪ್ರಾಂತದ ಬೇಲೀಫ್ ಮನೆ. ಬೌ ಬೀಚ್ ಜಲಾಶಯದ ನಿರ್ಮಾಣದಿಂದ ನೆಲೆ ಕಳೆದುಕೊಂಡ ಅದನ್ನು ಬಿಚ್ಚಿ, ಪಶ್ಚಿಮ ಸಸೆಕ್ಸಿನ ಸಿಂಗಲ್ಟನ್ನಿನಲ್ಲಿರುವ ಬಯಲು ವಸ್ತುಸಂಗ್ರಹಾಲಯದಲ್ಲಿ 1972ರಲ್ಲಿ ಮರಳಿ ನಿಲ್ಲಿಸಲಾಯಿತು.