ತಗರದ ಬಂಡಿ, ಯವನರ ಹಡಗು

ಈಚಿನ ವರ್ಷಗಳಲ್ಲಿ ಉಳ್ಳವರಿಗಾಗಿ ಒಂದು ಬಗೆಯ ಸಮುದ್ರಯಾನ ಏರ್ಪಾಡಾಗುತ್ತಿದೆ. ದೊಡ್ಡ ಹಡಗೊಂದು ಭೂಮಧ್ಯ ಸಮುದ್ರದ ರೇವಿನಿಂದ ರೇವಿಗೆ ಸಾಗುತ್ತದೆ. ಒಂದು ಊರಿನಲ್ಲಿ ಶಿಲ್ಪ, ಇನ್ನೊಂದರಲ್ಲಿ ಸಂಗೀತ, ಮತ್ತೊಂದರಲ್ಲಿ ಊಟ. ಹೀಗೆ ಆ ನಾಡುಗಳ ಸಂಸ್ಕೃತಿಯನ್ನು ಕಂಡು, ಕೇಳಿ, ಸವಿದು ಪ್ರವಾಸಿಗಳು ಹಿಂತಿರುಗುತ್ತಾರೆ. ಬೀದರ ಜಿಲ್ಲೆಯ ನಮ್ಮಂಥವರಿಗೆ ಇದು ದೂರದ ಮಾತು. ಹುಮನಾಬಾದಿನಿಂದ ಹೊರಡಲಿ, ಬಸವಕಲ್ಯಾಣದಿಂದ ಹೊರಡಲಿ, ಕಡಲು ಕಣ್ಣಿಗೆ ಬೀಳಬೇಕಾದರೆ ನೂರಾರು ಮೈಲಿ ನಡೆಯಬೇಕು. ಆದರೂ ವಾಚಕರೇ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಆ ಸಮುದ್ರದ ಶಿಲ್ಪ, ಸಂಗೀತ, ಪಾನಗಳು ಹಡಗೇರಿ ನಮ್ಮ ದಖನ್ನಿನ ಕಡೆಗೆ ಬಂದುವು. ಇಲ್ಲಿಯ ಬಟ್ಟೆ ಬಂಡಿಯೇರಿ ಅತ್ತ ಹೋಯಿತು. ತಾವು ಮನೆಯಲ್ಲಿ ಕುಳಿತೇ ಆ ಹಳೆಯ ಯಾನವನ್ನು ನನ್ನೊಡನೆ ಒಮ್ಮೆ ಕೈಗೊಳ್ಳಬಹುದು.

ಯಾನದ ಆರಂಭ ಈಜಿಪ್ಟಿನ ಅಲೆಕ್ಸಾಂಡ್ರಿಯ. ಅಲ್ಲಿಂದ ಸರಕು ನೈಲ್ ನದಿಯ ಮೇಲೆ ಕಾಪ್ಟಸ್ ಎಂಬ ಊರಿಗೆ ಹೋಗಲು ಹನ್ನೆರಡು ದಿನ. ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ಕೆಂಪು ಸಮುದ್ರದ ಬೆರೆನಿಕೆ ರೇವನ್ನು ಸೇರಲು ಮತ್ತೆ ಹನ್ನೆರಡು ದಿನ. ಈ ಲೆಕ್ಕ ಕೊಟ್ಟವನು ರೋಮಿನ ವಿದ್ವಾಂಸ ಪ್ಲಿನಿ. ನಡುಬೇಸಗೆಯಲ್ಲಿ ರೇವು ಬಿಟ್ಟ ಹಡಗು ನೈಋತ್ಯ ಮಾರುತವನ್ನು ಹಿಡಿದು ಅರಬ್ಬೀ ಸಮುದ್ರವನ್ನು ದಾಟುತ್ತಿತ್ತು. ನಮ್ಮ ರೈತನಿಗೆ ಮಳೆ ತರುವ ಗಾಳಿಯೇ ಯವನ ವರ್ತಕನಿಗೆ ಹಡಗನ್ನು ನೂಕುವ ಆಳು! ಕೆಂಪು ಸಮುದ್ರದ ಒಂದೇ ರೇವಿನಿಂದ ವರ್ಷಕ್ಕೆ ನೂರಿಪ್ಪತ್ತು ಹಡಗುಗಳು ಭಾರತಕ್ಕೆ ಹೊರಡುತ್ತಿದ್ದುವೆಂದು ಸ್ಟ್ರಾಬೋ ಬರೆದಿದ್ದಾನೆ.

ಹಡಗು ಬಂದು ನಿಲ್ಲುವ ರೇವುಗಳಲ್ಲಿ ದೊಡ್ಡದು ನರ್ಮದೆಯ ಮುಖದ ಭರುಕಚ್ಛ, ಇಂದಿನ ಭರೂಚ್. ಅಲ್ಲಿಂದ ಮುಂದಿನ ದಾರಿಯನ್ನು ಹೇಳುವ ಗ್ರಂಥ 'ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್'. ಕ್ರಿಸ್ತಶಕ ಒಂದನೆಯ ಶತಮಾನದ ನಡುವೆ, ಈಜಿಪ್ಟಿನಲ್ಲಿದ್ದ ಗ್ರೀಕ್ ವರ್ತಕನೊಬ್ಬ ಹೆಸರು ಹೇಳಿಕೊಳ್ಳದೆ ಬರೆದ ಕೈಪಿಡಿ ಅದು. ಭರುಕಚ್ಛದಿಂದ ದಕ್ಷಿಣಕ್ಕೆ ಇಪ್ಪತ್ತು ದಿನ ನಡೆದರೆ ಪೈಠಣ. ಪೈಠಣದಿಂದ ಪೂರ್ವಕ್ಕೆ ಹತ್ತು ದಿನ ನಡೆದರೆ 'ತಗರ' ಎಂಬ ಮಹಾನಗರ ಎಂದು ಅವನು ಹೇಳುತ್ತಾನೆ. ತಗರದಿಂದ ಹೋಗುತ್ತಿದ್ದುದು ಮುಖ್ಯವಾಗಿ ಬಟ್ಟೆ: ಬಡಬಗ್ಗರು ಉಡುವ ಒರಟು ಬಟ್ಟೆ ಬಹಳ, ನವುರಾದ ಹತ್ತಿಬಟ್ಟೆ ನಾನಾ ಬಗೆ. ಇವೆಲ್ಲ ದಾರಿಯೇ ಸರಿಯಿಲ್ಲದ ವಿಸ್ತಾರವಾದ ನೆಲದ ಮೇಲೆ ಬಂಡಿಗಳಲ್ಲಿ ರೇವಿಗೆ ಇಳಿಯುತ್ತಿದ್ದುವು.

ಈ ತಗರ ಎಲ್ಲಿ? ದೇವಗಿರಿ ಎಂದು ಕೆಲವರು, ಜುನ್ನರವೆಂದು ಕೆಲವರು, ಕಲಬುರಗಿಯೆಂದೂ ಕೆಲವರು ಊಹಿಸಿದರು. ಕನ್ನಡ ಶಾಸನಗಳಲ್ಲಿ ಕೃಷಿಮಾಡಿದ ಜೆ. ಎಫ್. ಫ್ಲೀಟ್ 1901ರಲ್ಲಿ ಇದನ್ನು ಬಗೆಹರಿಸಿದರು. ಇಂದಿನ ಧಾರಾಶಿವ, ಎಂದರೆ ಹಿಂದಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ತೇರ್ಣಾ ನದಿಯ ದಡದ 'ತೇರ್' ಎಂಬ ಊರೇ ತಗರ. ಸಂತ ಗೋರಾ ಕುಂಬಾರನ ಊರೆಂದು ನಮ್ಮ ಗಡಿಯ ಭಕ್ತರು ಬಲ್ಲ ತೇರ್ ಅದೇ. ಬಸವಕಲ್ಯಾಣದಿಂದ ವಾಯವ್ಯಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರು. ಕೊಲ್ಲಾಪುರದ ಶಿಲಾಹಾರ ಅರಸರು ಕನ್ನಡ ಶಾಸನಗಳನ್ನು ಬರೆಸಿದವರು. ಅವರು ಹೊತ್ತ 'ತಗರಪುರವರಾಧೀಶ್ವರ' ಎಂಬ ಬಿರುದಿನ ತಗರಪುರವೂ ಇದೇ. ನಗರ ಹಾಳಾದ ಎಷ್ಟೋ ಶತಮಾನಗಳ ಮೇಲೂ ಹೆಸರಿನ ಗೌರವ ಮಾಸಿರಲಿಲ್ಲ.

ಪೆರಿಪ್ಲಸ್ಸಿನ ಇನ್ನೊಂದು ಮಾತು ನಮಗೆ ಮುಖ್ಯ. ಕರಾವಳಿಯ ಸೀಮೆಗಳಿಂದಲೂ ತಗರಕ್ಕೆ ಸರಕು ಬಂದು ಸೇರುತ್ತಿತ್ತಂತೆ. ಅದು ಪೂರ್ವ ಕರಾವಳಿಯೆಂದು ವಿದ್ವಾಂಸರು ಅರ್ಥಮಾಡುತ್ತಾರೆ. ಹಾಗಾದರೆ ತಗರದಿಂದ ಪೂರ್ವಕ್ಕೆ ಒಂದು ದಾರಿ ಇರಬೇಕಷ್ಟೆ. ಸಂಗಾರೆಡ್ಡಿಯ ಬಳಿಯ ಕೊಂಡಾಪುರದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1940ರ ದಶಕದ ಆರಂಭದಲ್ಲಿ ಅಗೆಯಿಸಿದಾಗ ಶಾತವಾಹನರ ಕಾಲದ ಪಟ್ಟಣವೊಂದು ಹೊರಬಿತ್ತು. ರೋಮನ್ ನಾಣ್ಯದ ಕುರುಹುಗಳೂ ಸಿಕ್ಕುವು. ಈಗ ಭೂಪಟವನ್ನು ತೆರೆಯಿರಿ. ಪಶ್ಚಿಮದಲ್ಲಿ ತೇರ್, ಪೂರ್ವದಲ್ಲಿ ಕೊಂಡಾಪುರ. ಎರಡರ ನಡುವೆ ಕಲ್ಯಾಣ, ಹುಮನಾಬಾದ್, ಮನ್ನಾಏಖೇಳ್ಳಿಗಳ ಸೀಮೆ. ಇಂದು ಹೈದರಾಬಾದು–ಮುಂಬಯಿ ಹೆದ್ದಾರಿಯಲ್ಲಿ ಮನ್ನಾಏಖೇಳ್ಳಿಯನ್ನು ದಾಟುವ ಲಾರಿಗಳಿಗೆ ಪೂರ್ವಜರಾಗಿ ಆ ಬಂಡಿಗಳು ಇದೇ ಊರನ್ನು ದಾಟಿದುವೆಂದು ನಾನು ಹೇಳಲಾರೆ. ಆದರೆ ಈ ಸೀಮೆಯ ಆಚೀಚೆಗೆ ಅವು ಹಾದಿರಬೇಕೆಂದರೆ ಅತಿಶಯವಲ್ಲ.

ಇನ್ನು ಊಟದ ವಿಚಾರ. ಭರುಕಚ್ಛಕ್ಕೆ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಮೊದಲ ಹೆಸರು ದ್ರಾಕ್ಷಾರಸದ ಮದ್ಯ. ಇಟಲಿಯದು ಶ್ರೇಷ್ಠ; ಸಿರಿಯ ಕಡೆಯದೂ ಅರೇಬಿಯದ್ದೂ ಉಂಟು. ತಾಮ್ರ, ತವರ, ಸೀಸ, ಹವಳ, ಗಾಜು, ಚಿನ್ನ ಬೆಳ್ಳಿಯ ನಾಣ್ಯ, ಇವು ಜೊತೆಗೆ. ಅತ್ತ ರೋಮಿನ ಅಡುಗೆಮನೆಗೆ ಇತ್ತಣ ಮೆಣಸು ಬೇಕು. ಅಪಿಸಿಯಸ್ಸನ ಹೆಸರಿನಲ್ಲಿರುವ ಪಾಕಗ್ರಂಥದಲ್ಲಿ ಮೆಣಸು ಬೀಳದ ಅಡುಗೆಯೇ ಅಪರೂಪ. ಒಂದು ರಾತಲು ಕರಿಮೆಣಸಿಗೆ ನಾಲ್ಕು ದಿನಾರಿಯಸ್, ಬಿಳಿಮೆಣಸಿಗೆ ಏಳು, ಹಿಪ್ಪಲಿಗೆ ಹದಿನೈದು ಎಂದು ಪ್ಲಿನಿ ದರ ಕೊಡುತ್ತಾನೆ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳಿಗೆ ಕಡಿಮೆಯಿಲ್ಲದ ಹಣವನ್ನು ಭಾರತ ಹೀರುತ್ತಿದೆಯೆಂದು ಹಲುಬುತ್ತಾನೆ. ಈ ಮೆಣಸು ಬಹುಪಾಲು ಕೇರಳದ ರೇವುಗಳಿಂದ ಹೋಯಿತು. ಅದರ ಹಾದಿಯಲ್ಲಿ ಕಡಲ್ಗಳ್ಳರಿದ್ದ 'ನಿತ್ರಿಯಸ್' ಎಂಬ ಎಡೆಯನ್ನೂ ಪ್ಲಿನಿ ಹೆಸರಿಸಿದ್ದಾನೆ. ಅದು ನೇತ್ರಾವತಿಯ ತೀರವೆಂದು ಹಲವರ ಮತ. ಬೆರೆನಿಕೆಯನ್ನು ಅಗೆದವರಿಗೆ ಭಾರತದ ಮಣ್ಣಿನ ಹರವಿಯೊಂದರಲ್ಲಿ ಏಳೂವರೆ ಕಿಲೋ ಕರಿಮೆಣಸು ಹಾಗೆಯೇ ದೊರಕಿತು. ನಾಣ್ಯಗಳು ನಮ್ಮಲ್ಲಿ ಉಳಿದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. ಚಂದ್ರವಳ್ಳಿಯನ್ನು 1929ರಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರರೂ ಅಗೆಯಿಸಿದರು.

ಸಂಗೀತಕ್ಕೆ ಬರೋಣ. ಅರಸನಿಗೆಂದೇ ತರುತ್ತಿದ್ದ ಬೆಲೆಬಾಳುವ ವಸ್ತುಗಳನ್ನು ಪೆರಿಪ್ಲಸ್ ಬೇರೆಯಾಗಿ ಹೇಳುತ್ತದೆ: ಬೆಳ್ಳಿಯ ಪಾತ್ರೆ, ಉತ್ತಮ ಮದ್ಯ, ಉತ್ತಮ ವಸ್ತ್ರ, ಲೇಪನ, ಇವುಗಳ ನಡುವೆ 'ಮೌಸಿಕ', ಮತ್ತು ಅಂತಃಪುರಕ್ಕೆ ಚೆಲುವಾದ ಹುಡುಗಿಯರು. 'ಮೌಸಿಕ'ವೆಂದರೆ ವಾದ್ಯಗಳೆಂದು ಕೆಲವರು, ಹಾಡುವ ದಾಸ ಬಾಲಕರೆಂದು ಕೆಲವರು ಅರ್ಥ ಹೇಳುತ್ತಾರೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತಾಮ್ರ ಸೀಸಗಳ ಸಾಲಿನಲ್ಲಿಯೇ ಮನುಷ್ಯರ ಮಕ್ಕಳನ್ನೂ ಬರೆದುಕೊಂಡ ಪಟ್ಟಿ ಇದು. ಸಂಸ್ಕೃತಿಗಳ ಮಿಲನವೆಂದು ನಾವು ಹೊಗಳುವ ಹಡಗಿನ ತಳದಲ್ಲಿ ಆ ಮಕ್ಕಳ ಅಳುವೂ ಇದ್ದಿತು. ಚರಿತ್ರೆಯನ್ನು ಓದುವವರು ಅದನ್ನು ಮರೆಯಬಾರದು.

ಶಿಲ್ಪದ ಸಾಕ್ಷ್ಯ ಕಣ್ಣಿಗೆ ಕಾಣುವಂಥದು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಇಟಲಿಯ ಪಾಂಪೆಯಿ ನಗರವನ್ನು ಹೂಳಿತು. ಭಾರತದ ಭೋಗವಸ್ತುಗಳನ್ನು ದೂರಿದ ಪ್ಲಿನಿ ಸತ್ತುದೂ ಆ ಉತ್ಪಾತದಲ್ಲಿಯೇ. 1938ರಲ್ಲಿ ಅಲ್ಲಿಯ ಮನೆಯೊಂದರ ಅಗೆತದಲ್ಲಿ ಗೇಣುದ್ದದ ದಂತದ ಸ್ತ್ರೀಮೂರ್ತಿಯೊಂದು ಸಿಕ್ಕಿತು. ಕೊರಳು, ಕೈ, ಕಾಲುಗಳ ತುಂಬ ಆಭರಣ. ನಮ್ಮ ನಾಡಿನದೆನ್ನಲು ಬೇರೆ ಸಾಕ್ಷಿ ಬೇಡ. ಅವಳ ಸೋದರಿಯೆನ್ನಬಹುದಾದ ದಂತದ ಗೊಂಬೆ ದೊರೆತುದು ಇದೇ ತೇರಿನಲ್ಲಿ. ಅತ್ತ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಗ್ರೀಕರ ಸಮುದ್ರದೇವ ಪೊಸೈಡನ್ನನ ಕಂಚಿನ ಪುಟ್ಟ ವಿಗ್ರಹ ಹೊರಬಂತು. ಕಾರ್ಲೆಯ ಬೌದ್ಧ ಚೈತ್ಯಗುಹೆಯಲ್ಲಿ ಕಂಬಗಳನ್ನು ದಾನವಿತ್ತವರ ಹೆಸರಿನೊಡನೆ 'ಯವನ' ಎಂಬ ಮಾತು ಕೆತ್ತಿದೆ. ಆ ಗುಹೆಯನ್ನು ಪೂರ್ಣಗೊಳಿಸಿದವನು ವೈಜಯಂತಿಯ, ಎಂದರೆ ನಮ್ಮ ಬನವಾಸಿಯ, ಶ್ರೇಷ್ಠಿ ಭೂತಪಾಲ. ಯವನನ ಹಣವೂ ಬನವಾಸಿಯವನ ಹಣವೂ ಒಂದೇ ಗುಹೆಯ ಕಲ್ಲಿನಲ್ಲಿ ಸೇರಿವೆ. 2022ರಲ್ಲಿ ಬೆರೆನಿಕೆಯಲ್ಲಿ ಬುದ್ಧನ ಅಮೃತಶಿಲೆಯ ಮೂರ್ತಿಯೊಂದು ಸಿಕ್ಕಿತು. ಕಲ್ಲು ಭೂಮಧ್ಯ ಸಮುದ್ರದ ಕಡೆಯದು, ದೇವರು ನಮ್ಮ ಕಡೆಯವನು.

ಇಷ್ಟು ಹೇಳಿ ಆ ಪ್ರಸಿದ್ಧ ಗ್ರೀಕ್ ಪ್ರಹಸನವನ್ನು ಬಿಡಲಾಗದು. ಈಜಿಪ್ಟಿನ ಆಕ್ಸಿರಿಂಕಸ್ಸಿನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಅದೊಂದು, 1903ರಲ್ಲಿ ಅಚ್ಚಾಯಿತು. ಚಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ತೀರದಲ್ಲಿ ಸೆರೆ. ಅಣ್ಣ ಅರಸುತ್ತ ಬರುತ್ತಾನೆ. ಇಲ್ಲಿಯ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಮೈಮರೆತಾಗ ತಂಗಿಯನ್ನು ಬಿಡಿಸಿಕೊಂಡು ಹಡಗೇರುತ್ತಾನೆ. ಎಲ್ಲೆಲ್ಲಿ ತಮಟೆ ಬಾರಿಸಬೇಕೆಂಬ ಗುರುತೂ ಹಾಳೆಯಲ್ಲಿದೆ. ರಾಜನ ಕಡೆಯವರಾಡುವ ಅರ್ಥವಾಗದ ಮಾತುಗಳು ಕನ್ನಡವೆಂದು ಜರ್ಮನಿಯ ಹುಲ್ಟ್ಸ್ 1904ರಲ್ಲಿ ಸೂಚಿಸಿದರು, ನಮ್ಮ ಆರ್. ಶಾಮಾಶಾಸ್ತ್ರಿಗಳು ಅದನ್ನು ಸಮರ್ಥಿಸಿದರು. ಬಾರ್ನೆಟ್ 1926ರಲ್ಲಿ ಒಪ್ಪಲಿಲ್ಲ. ತುಳುವೆಂದವರುಂಟು, ನಗಿಸಲು ಕಟ್ಟಿದ ಬರಿಯ ಸದ್ದೆಂದವರೂ ಉಂಟು.

ಕನ್ನಡವನ್ನೇ ಓದಿ, ಓದಿಸಿ ಬಾಳಿದವನಿಗೆ ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡವಿದೆಯೆಂದರೆ ಸಂತೋಷವಾಗದೆ? ಆದರೆ ಭಾಷಾಶಾಸ್ತ್ರ ಸಂತೋಷವನ್ನು ಕೇಳುವುದಿಲ್ಲ. ನಮ್ಮ ಹಲ್ಮಿಡಿ ಶಾಸನ ಐದನೆಯ ಶತಮಾನದ್ದು; ಅದಕ್ಕೂ ಮುನ್ನೂರು ವರ್ಷ ಹಿಂದಿನ ಕನ್ನಡದ ರೂಪ ನಮಗೆ ತಿಳಿಯದು. ಹಳಗನ್ನಡದ 'ಪಾಲು', 'ಪುಲಿ'ಗಳು 'ಹಾಲು', 'ಹುಲಿ'ಗಳಾಗತೊಡಗಿದುದು ಹತ್ತನೆಯ ಶತಮಾನದ ಸುಮಾರಿಗೆ. ಹಕಾರದ ಹೊಸ ರೂಪಗಳನ್ನು ಆ ಹಾಳೆಯಲ್ಲಿ ಕೂರಿಸಿ ಓದಿದರೆ ಕಾಲವೇ ಎದುರು ನಿಲ್ಲುತ್ತದೆ. 'ತಗರ'ವನ್ನು ಕಂಡೊಡನೆ ಹಳಗನ್ನಡದಲ್ಲಿ 'ತಗರ್' ಎಂದರೆ ಟಗರು, ಆದ್ದರಿಂದ ಅದು ಕನ್ನಡದ ಊರು ಎಂದಂತೆ! ಸದ್ದು ಹಿಡಿದು ಕಟ್ಟಿದ ಚರಿತ್ರೆ ಮೊದಲ ಮಳೆಗೇ ಕುಸಿಯುವ ಗೋಡೆ. ನಮ್ಮ ಅಭಿಮಾನಕ್ಕೆ ಅದು ಬೇಕಾಗಿಯೂ ಇಲ್ಲ. ನೂತವಳ ಬೆರಳು, ನೆಯ್ದವನ ಮಗ್ಗ, ಬಂಡಿ ಹೊಡೆದವನ ಎತ್ತು, ಇವುಗಳ ಬಲದಿಂದಲೇ ದಖನ್ನಿನ ಬಟ್ಟೆ ಕಡಲು ದಾಟಿತೆಂಬುದು ನಿರ್ವಿವಾದ. ಅವರಲ್ಲಿ ಒಬ್ಬರ ಹೆಸರೂ ಉಳಿಯಲಿಲ್ಲ. ಕೆಲಸ ಮಾತ್ರ ವಿದೇಶೀಯನ ಪುಸ್ತಕದಲ್ಲಿ ಉಳಿಯಿತು.

ಮೂರನೆಯ ಶತಮಾನದ ಹೊತ್ತಿಗೆ ಶಾತವಾಹನರು ಅಳಿದರು, ರೋಮಿನಲ್ಲಿಯೂ ಒಳಜಗಳ ಹೆಚ್ಚಿತು, ವ್ಯಾಪಾರ ಇಳಿಯಿತು. ತಗರ ದಿಬ್ಬವಾಯಿತು. ಆ ದಿಬ್ಬದ ವಸ್ತುಗಳು ಇಂದು ನೋಡಸಿಗುವುದಕ್ಕೆ ಕಾರಣ ತೇರಿನವರೇ ಆದ ರಾಮಲಿಂಗಪ್ಪ ಲಾಮತುರೆಯವರು. ಊರಲ್ಲಿ ಸಿಕ್ಕಿದ ಮಣಿ, ಗೊಂಬೆ, ನಾಣ್ಯಗಳನ್ನು ಅವರು ಕೂಡಿಟ್ಟರು. ಅವರ ಹೆಸರಿನ ವಸ್ತುಸಂಗ್ರಹಾಲಯವೇ ಈಗ ಅಲ್ಲಿದೆ.

ನಮ್ಮ ಹಳ್ಳಿಗಳ ಸುತ್ತಲೂ ಹಾಳೂರಿನ ದಿಬ್ಬಗಳಿವೆ. ಬೂದಿಮಣ್ಣು ಬೆಳೆಗೆ ಒಳ್ಳೆಯದೆಂದು ಅದನ್ನು ಹೊಲಕ್ಕೆ ಹೊಡೆಯುವುದು ಹಳೆಯ ರೂಢಿ. ಮಣ್ಣಿನೊಡನೆ ಗೊಂಬೆಯ ತಲೆ ಬಂದರೆ ಮಕ್ಕಳ ಆಟಕ್ಕೆ ಹೋಗುತ್ತದೆ. ಬೆಳ್ಳಿ ಬಂದರೆ ಮೂಸೆಗೆ ಬೀಳುತ್ತದೆ. ತೇರಿಗೂ ಕೊಂಡಾಪುರಕ್ಕೂ ನಡುವಿನ ನೆಲದಲ್ಲಿ ಏನು ಅಡಗಿದೆಯೋ ಬಲ್ಲವರಿಲ್ಲ. ಆದುದರಿಂದ ಅಂಥದೇನಾದರೂ ಕಂಡಾಗ ತಾವು ಊರಿನ ಶಾಲೆಯ ಮೇಷ್ಟ್ರಿಗೋ ತಹಶೀಲ್ದಾರರಿಗೋ ತಿಳಿಸಿ, ಸಿಕ್ಕ ಸ್ಥಳವನ್ನೂ ದಿನವನ್ನೂ ಬರೆದಿಡಿಸಿರಿ. ಆ ಬಂಡಿಗಳು ಯಾವ ಹಾದಿ ಹಿಡಿದುವೆಂಬ ಪ್ರಶ್ನೆಗೆ ಉತ್ತರ ದೊರೆತರೆ ನಮ್ಮ ಹೊಲಗಳ ಅಂಚಿನಲ್ಲಿಯೇ ದೊರೆಯಬೇಕು.