ಗಾಡಿಯನ್ನೇ ತೂಗಿದ ತಕ್ಕಡಿ

ಎರಡು ತಟ್ಟೆಗಳ ತಕ್ಕಡಿಗೆ ಒಂದು ಮಿತಿಯಿದೆ. ಸರಕು ಎಷ್ಟು ಭಾರವೋ ಅಷ್ಟೇ ಭಾರದ ಕಲ್ಲನ್ನು ಎದುರು ತಟ್ಟೆಗೆ ಇಡಬೇಕು. ಅಕ್ಕಿ ಮೂಟೆಗೆ ಇದು ಹೇಗೋ ನಡೆದೀತು, ಸರಕು ತುಂಬಿದ ಗಾಡಿಗೆ ನಡೆಯದು.

ಅಮೆರಿಕದ ವರ್ಮಾಂಟ್ ರಾಜ್ಯದ ಸೇಂಟ್ ಜಾನ್ಸ್‌ಬರಿ ಎಂಬ ಊರಿನಲ್ಲಿ ಒಲೆ, ನೇಗಿಲುಗಳನ್ನು ತಯಾರಿಸುತ್ತಿದ್ದ ಥ್ಯಾಡಿಯಸ್ ಫೇರ್‌ಬ್ಯಾಂಕ್ಸ್ ಅವರಿಗೆ ಎದುರಾದದ್ದು ಇದೇ ತೊಡಕು. ಸೆಣಬಿನ ಸಂಸ್ಕರಣೆಗೆ ಕೈಹಾಕಿದ್ದ ಅವರಲ್ಲಿಗೆ ರೈತರು ಗಾಡಿಗಟ್ಟಲೆ ಬೆಳೆ ತರುತ್ತಿದ್ದರು. ಇಡೀ ಗಾಡಿಯನ್ನು ಸರಪಣಿಯಿಂದ ಎತ್ತಿ, ರೋಮನರ ಕಾಲದಿಂದ ಬಂದ ತೂಗುಕೋಲಿಗೆ ನೇತುಹಾಕುವುದು ಆಗಿನ ರೂಢಿ. ಸಿಗುತ್ತಿದ್ದುದು ಹೆಚ್ಚುಕಡಿಮೆ ಅಂದಾಜಿನ ತೂಕ. ಫೇರ್‌ಬ್ಯಾಂಕ್ಸ್ ನೆಲದಲ್ಲಿ ಗುಂಡಿ ತೋಡಿಸಿ, ಸನ್ನೆಗಳನ್ನು ಅದರೊಳಗಿರಿಸಿ, ಮೇಲೆ ನೆಲದ ಮಟ್ಟಕ್ಕೇ ವೇದಿಕೆ ಹಾಸಿದರು. ಗಾಡಿ ಅದರ ಮೇಲೆ ಉರುಳಿ ನಿಂತರೆ ಸಾಕಾಯಿತು. 1831ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಈ ಕಲ್ಪನೆ ಅವರೊಬ್ಬರದೇ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ವ್ಯಾಟ್ 1740ರ ದಶಕದಲ್ಲಿಯೇ ಜೋಡಿ ಸನ್ನೆಗಳಿಂದ ಗಾಡಿ ತೂಗುವ ಯಂತ್ರ ರೂಪಿಸಿದ್ದರು. 1820ರ ದಶಕದ ಆರಂಭದಲ್ಲಿ ಸ್ಟ್ರಾಸ್‌ಬರ್ಗ್‌ನ ಅಲೋಯ್ಸ್ ಕ್ವಿಂಟೆನ್ಜ್ ದಶಮಾಂಶ ತಕ್ಕಡಿಯನ್ನು ನಿರ್ಮಿಸಿದರು. 10 ಕಿಲೋ ಕಲ್ಲಿಗೆ 100 ಕಿಲೋ ಸರಕು ಸರಿದೂಗುತ್ತಿದ್ದುದೇ ಆ ಹೆಸರಿಗೆ ಕಾರಣ.

ವೇದಿಕೆಯ ಅಡಿಯ ಸನ್ನೆಗಳು ಕತ್ತಿಯ ಅಲಗಿನಂತೆ ಚೂಪಾದ ಉಕ್ಕಿನ ಅಂಚುಗಳ ಮೇಲೆ ಕುಳಿತಿರುತ್ತವೆ. ನಾಲ್ಕೂ ಮೂಲೆಗಳ ಭಾರ ಒಂದೇ ಪ್ರಮಾಣದಲ್ಲಿ ತಗ್ಗಿ ಒಂದು ಕಂಬಿಯ ಮೂಲಕ ಮೇಲಿನ ತೋಳಿಗೆ ತಲುಪುತ್ತದೆ. ಆದ್ದರಿಂದ ಮೂಟೆಯನ್ನು ನಡುವೆ ಇಟ್ಟರೂ ಅಂಚಿನಲ್ಲಿಟ್ಟರೂ ತೂಕ ಬದಲಾಗದು. ಯಂತ್ರದ ನಿಜವಾದ ಹೆಚ್ಚುಗಾರಿಕೆ ಇಲ್ಲಿದೆ.

ಅಪಾಯವೂ ಇಲ್ಲಿಯೇ ಇದೆ. ನೂರಕ್ಕೆ ಒಂದರ ಪ್ರಮಾಣದ ಯಂತ್ರದಲ್ಲಿ ತೂಗುಹಾಕುವ ಕಲ್ಲಿಗೆ ಕೇವಲ 10 ಗ್ರಾಂ ಸೀಸ ಗುಟ್ಟಾಗಿ ಸೇರಿದರೂ ಮಾರುವವನು ಪ್ರತಿ ತೂಕಕ್ಕೆ ಒಂದು ಕಿಲೋ ಕಳೆದುಕೊಳ್ಳುತ್ತಾನೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಇದೇ ವಂಚನೆಗೆ ಪೂರ್ತಿ ಒಂದು ಕಿಲೋ ಸೀಸ ಬೇಕು! ಸನ್ನೆಗಳಂತೂ ನೆಲದಡಿ ಮರೆಯಾಗಿರುತ್ತವೆ. ಯಂತ್ರಗಳ ತಪಾಸಣೆ, ಮುದ್ರೆಯ ಕಾನೂನುಗಳು ಬಿಗಿಯಾಗಬೇಕಾದದ್ದು ಇದರಿಂದಲೇ.

ಭಾರತದಲ್ಲಿ 1956ರ ತೂಕ ಮತ್ತು ಅಳತೆ ಕಾಯಿದೆಯ ಬಳಿಕ, 1958ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಳಕೆಗೆ ಬಂದು, ಸೇರು, ಮಣಗಳ ಗುರುತಿದ್ದ ತೋಳುಗಳು ವ್ಯಾಪಾರದಿಂದ ಹಿಂದೆ ಸರಿದವು. ಈಗ ಅನ್ವಯವಾಗುವುದು 2009ರ ಕಾನೂನು ಮಾಪನ ಕಾಯಿದೆ.

ಕಬ್ಬಿನ ಟ್ರಾಕ್ಟರುಗಳನ್ನು ಮೊದಲು ತುಂಬಿದ್ದಾಗ, ನಂತರ ಖಾಲಿಯಾಗಿ ತೂಗುವ ಸಕ್ಕರೆ ಕಾರ್ಖಾನೆಗಳಲ್ಲಿ ಇಂದು ಸನ್ನೆಗಳ ಜಾಗಕ್ಕೆ ವಿದ್ಯುನ್ಮಾನ ಸಂವೇದಕಗಳು ಬಂದಿವೆ. ತೂಕದ ಬಗ್ಗೆ ಬೆಳೆಗಾರರ ತಕರಾರು ಮಾತ್ರ ನಿಂತಿಲ್ಲ. ತೂಕಯಂತ್ರ ಸನ್ನೆಯದಿರಲಿ, ವಿದ್ಯುನ್ಮಾನದ್ದಿರಲಿ, ನಿಗದಿತ ಅವಧಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸುವುದು ಕಡ್ಡಾಯ. ಪರಿಶೀಲನೆಯ ಪ್ರಮಾಣಪತ್ರವನ್ನು ಗ್ರಾಹಕರಿಗೆ ಕಾಣುವಂತೆ ಪ್ರದರ್ಶಿಸಬೇಕು.