ವಿಡಿಯೊ ಗೇಮ್‌ಗಳಲ್ಲಿ ಪಂದ್ಯವೀಕ್ಷಣೆ

ಆಡುವವರ ಸಾಲಿಗೆ ಸೇರದೆ, ಆಟದ ಗತಿಯ ಮೇಲೆ ಯಾವ ಪ್ರಭಾವವನ್ನೂ ಬೀರದೆ, ನಡೆಯುತ್ತಿರುವ ಅಥವಾ ನಡೆದು ಮುಗಿದ ವಿಡಿಯೊ ಗೇಮ್ ಪಂದ್ಯವನ್ನು ನೋಡುವ ಕ್ರಮ; ಇದಕ್ಕಾಗಿ ಆಟದ ತಂತ್ರಾಂಶದಲ್ಲೇ ಅಳವಡಿಸಿರುವ ಸೌಲಭ್ಯಕ್ಕೆ ಪ್ರೇಕ್ಷಕ ವಿಧಾನ ಅಥವಾ ಸ್ಪೆಕ್ಟೇಟರ್ ಮೋಡ್ ಎಂದು ಹೆಸರು. ಬಯಲಿನ ಆಟಗಳಲ್ಲಿ ಮೈದಾನ ಎಲ್ಲರ ಕಣ್ಣೆದುರಿಗೇ ಇರುತ್ತದೆ. ವಿಡಿಯೊ ಗೇಮಿನಲ್ಲಾದರೋ ಮೈದಾನವೂ ಪ್ರೇಕ್ಷಕರ ಕಟ್ಟೆಯೂ ತಂತ್ರಾಂಶದ ಸೃಷ್ಟಿಯೇ ಆದ್ದರಿಂದ, ನೋಡುವವನು ಎಲ್ಲಿ ನಿಲ್ಲಬೇಕು, ಎಷ್ಟನ್ನು ಕಾಣಬೇಕು, ಎಷ್ಟು ತಡವಾಗಿ ಕಾಣಬೇಕು ಎಂಬುದನ್ನೆಲ್ಲ ಯಾರಾದರೊಬ್ಬರು ಮೊದಲೇ ನಿರ್ಧರಿಸಿರಬೇಕಾಗುತ್ತದೆ. ಹೀಗಾಗಿ ಪಂದ್ಯವೀಕ್ಷಣೆಯ ಇತಿಹಾಸದ ಬಹುಭಾಗ, ಆಟದ ಒಳಗುಟ್ಟು ಯಾರಿಗೆ ಯಾವಾಗ ತಿಳಿಯಬೇಕೆಂಬ ಪ್ರಶ್ನೆಯ ಸುತ್ತಲೇ ಹೆಣೆದುಕೊಂಡಿದೆ.

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದಲ್ಲಿ ಈ ಪ್ರಶ್ನೆ ಏಳಲಿಲ್ಲ. ಪರದೆ ಒಂದೇ ಆಗಿದ್ದರಿಂದ ಆಡುವವನಿಗೆ ಕಂಡದ್ದೇ ಅವನ ಬೆನ್ನ ಹಿಂದೆ ನಿಂತವನಿಗೂ ಕಾಣುತ್ತಿತ್ತು. ಇಬ್ಬರು ಎದುರಾಳಿಗಳು ಒಂದೇ ದೃಶ್ಯವನ್ನು ಹಂಚಿಕೊಳ್ಳುವ ಹೊಡೆದಾಟದ ಆಟಗಳು ಈ ಮುಕ್ತತೆಯನ್ನು ಇಂದಿಗೂ ಉಳಿಸಿಕೊಂಡಿವೆ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೊ ಪಂದ್ಯಾವಳಿಯಲ್ಲಿ, ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಆಡುತ್ತಿದ್ದ ಜಪಾನಿನ ಡೈಗೊ ಉಮೆಹರ ಇನ್ನೊಂದೇ ಪೆಟ್ಟಿಗೆ ಸೋಲುವ ಸ್ಥಿತಿಯಲ್ಲಿದ್ದು, ಎದುರಾಳಿ ಜಸ್ಟಿನ್ ವಾಂಗ್ ಹೂಡಿದ 15 ಹೊಡೆತಗಳ ಸರಣಿಯನ್ನು ಒಂದೊಂದಾಗಿ ತಡೆದು ಆ ಸುತ್ತನ್ನು ಗೆದ್ದುಕೊಂಡದ್ದು ಈ ಬಗೆಯ ವೀಕ್ಷಣೆಯ ಅತಿ ಪ್ರಸಿದ್ಧ ನಿದರ್ಶನ. ಅದರ ವಿಡಿಯೊದಲ್ಲಿ ಕೇಳುವ ಸಭಾಂಗಣದ ಕೂಗು ಆಟದಷ್ಟೇ ಹೆಸರಾಗಿದೆ. ಅಲ್ಲಿ ನೆರೆದಿದ್ದವರಿಗೆ ಏನಾಯಿತೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಕಂಪ್ಯೂಟರ್‌ಗಳು ಜಾಲದ ಮೂಲಕ ಜೋಡಣೆಗೊಂಡು, ಪ್ರತಿ ಆಟಗಾರನೂ ತನ್ನದೇ ಪರದೆಯ ಮುಂದೆ ಕೂರತೊಡಗಿದಾಗ ಪರಿಸ್ಥಿತಿ ಬದಲಾಯಿತು. ಐಡಿ ಸಾಫ್ಟ್‌ವೇರ್ ಸಂಸ್ಥೆಯ ಡೂಮ್ (1993) ಪಂದ್ಯವನ್ನು ಕಡತವಾಗಿ ಉಳಿಸಿಕೊಳ್ಳುವ ಅವಕಾಶ ನೀಡಿತು. ಡೆಮೊ ಎಂದು ಕರೆಯಲಾದ ಈ ಕಡತದಲ್ಲಿ ಚಿತ್ರವಾಗಲಿ ಧ್ವನಿಯಾಗಲಿ ಇರುತ್ತಿರಲಿಲ್ಲ. ಸೆಕೆಂಡಿಗೆ 35 ಬಾರಿ ಆಟಗಾರನ ಚಲನೆ, ತಿರುವು, ಗುಂಡು ಹಾರಿಸುವಿಕೆಯಂಥ ಆದೇಶಗಳನ್ನಷ್ಟೇ ಬರೆದಿಟ್ಟುಕೊಂಡು, ಮರುಪ್ರದರ್ಶನದ ವೇಳೆ ಆಟದ ಯಂತ್ರ ಅವನ್ನು ಅದೇ ಕ್ರಮದಲ್ಲಿ ಪಾಲಿಸಿ ಇಡೀ ಪಂದ್ಯವನ್ನು ಮತ್ತೆ ಕಟ್ಟುತ್ತಿತ್ತು. ಬ್ಲಿಜಾರ್ಡ್ ಸಂಸ್ಥೆ ತನ್ನ ಸ್ಟಾರ್‌ಕ್ರಾಫ್ಟ್ (1998) ಆಟಕ್ಕೆ 2001ರಲ್ಲಿ ಸೇರಿಸಿದ ರೀಪ್ಲೇ ಸೌಲಭ್ಯವೂ ಇದೇ ತತ್ತ್ವದ್ದು. ಕಡತ ತೀರ ಚಿಕ್ಕದಾಗಿರುವುದು ಈ ವಿಧಾನದ ಲಾಭ. ಆಟದ ನಿಯಮಗಳಲ್ಲಿ ಸಣ್ಣ ತಿದ್ದುಪಡಿಯಾದರೂ ಹಳೆಯ ಕಡತ ದಾರಿ ತಪ್ಪಿ, ನಡೆದೇ ಇರದ ಪಂದ್ಯವನ್ನು ತೋರಿಸಬಹುದಾದದ್ದು ಅದರ ದೋಷ. ಕ್ವೇಕ್ (1996) ಬೇರೆ ಹಾದಿ ಹಿಡಿದು, ಸರ್ವರ್ ಕಳುಹಿಸುವ ಸ್ಥಿತಿಗತಿಯ ಸಂದೇಶಗಳನ್ನೇ ದಾಖಲಿಸಿಕೊಂಡಿತು. ಅದೇ ವರ್ಷದ ಕೊನೆಗೆ ಬಂದ ಅದರ ಅಂತರಜಾಲ ಆವೃತ್ತಿ ಕ್ವೇಕ್‌ವರ್ಲ್ಡ್, ಆಟಗಾರರ ಲೆಕ್ಕಕ್ಕೆ ಸೇರದ ಪ್ರೇಕ್ಷಕರು ನೇರವಾಗಿ ಪಂದ್ಯದೊಳಕ್ಕೆ ಬರಲು ಪ್ರತ್ಯೇಕ ಸ್ಥಾನಗಳನ್ನೇ ಮೀಸಲಿಟ್ಟಿತು.

ಹೀಗೆ ಒಳಬಂದ ಪ್ರೇಕ್ಷಕನಿಗೆ ಸಾಮಾನ್ಯವಾಗಿ ಮೂರು ನೋಟಗಳು ದೊರೆಯುತ್ತವೆ: ಆಟಗಾರನ ಕಣ್ಣಿನಿಂದಲೇ ನೋಡುವುದು, ಅವನ ಬೆನ್ನ ಹಿಂದಿನಿಂದ ಹಿಂಬಾಲಿಸುವುದು, ಇಲ್ಲವೆ ಯಾರ ಹಂಗೂ ಇಲ್ಲದೆ ಗೋಡೆಗಳನ್ನೂ ದಾಟಿ ಹಾರಾಡುವ ಮುಕ್ತ ಕ್ಯಾಮೆರಾ. ಕೌಂಟರ್‌ಸ್ಟ್ರೈಕ್‌ನಂಥ ಆಟಗಳಲ್ಲಿ ಸತ್ತ ಆಟಗಾರ ಸುತ್ತು ಮುಗಿಯುವವರೆಗೆ ಕಾಯಬೇಕಾದ್ದರಿಂದ ಅವನೂ ತಾತ್ಕಾಲಿಕ ಪ್ರೇಕ್ಷಕನಾಗುತ್ತಾನೆ. ಎದುರಾಳಿಗಳ ಅಡಗುತಾಣವನ್ನು ಕಂಡ ಸತ್ತವನು ಅದನ್ನು ಬದುಕಿರುವ ಜೊತೆಗಾರರಿಗೆ ತಿಳಿಸುವುದಕ್ಕೆ ಆಟಗಾರರ ವಲಯದಲ್ಲಿ ಘೋಸ್ಟಿಂಗ್ ಎನ್ನುತ್ತಾರೆ. ಸತ್ತವನಿಗೆ ಸ್ವಂತ ತಂಡದವರ ನೋಟವಷ್ಟೇ ಸಿಗುವಂತೆ ಕಟ್ಟುಮಾಡುವ ನಿಯಮ ಈ ಕಾರಣದಿಂದಲೇ ರೂಢಿಗೆ ಬಂದಿತು.

ಸಾವಿರಾರು ಜನ ಒಂದೇ ಸರ್ವರಿಗೆ ಮುಗಿಬಿದ್ದರೆ ಪಂದ್ಯವೇ ನಿಲ್ಲುವ ಅಪಾಯವಿದ್ದುದರಿಂದ, ಪಂದ್ಯದ ಸರ್ವರಿಗೂ ಪ್ರೇಕ್ಷಕರಿಗೂ ನಡುವೆ ಮರುಪ್ರಸಾರದ ಸರ್ವರ್‌ಗಳನ್ನು ನಿಲ್ಲಿಸುವ ಉಪಾಯ ಹುಟ್ಟಿತು. ವಾಲ್ವ್ ಸಂಸ್ಥೆಯ ಹಾಫ್‌ಲೈಫ್ ಟಿವಿ ಇಂಥ ವ್ಯವಸ್ಥೆಗಳಲ್ಲಿ ಮೊದಲಿನವುಗಳಲ್ಲೊಂದು. ಅದರ ವಂಶದವೇ ಆದ ಸೋರ್ಸ್ ಟಿವಿ, ಜಿಒಟಿವಿಗಳು ಮುಂದೆ ಬಂದವು. ಪ್ರಸಾರವನ್ನು ಬೇಕೆಂದೇ ತಡವಾಗಿ ಬಿಡುವುದು ಇವುಗಳಲ್ಲಿ ಮುಖ್ಯ ಅಂಶ. ನೋಡುಗನಿಗೆ ತಲುಪುವ ಹೊತ್ತಿಗೆ ಮಾಹಿತಿ ಹಳತಾಗಿದ್ದರೆ ಅದನ್ನು ಆಟಗಾರನಿಗೆ ದಾಟಿಸಿ ಪ್ರಯೋಜನವಿಲ್ಲ ಎಂಬುದು ಇದರ ತರ್ಕ. 2012ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೆ ಸೇರಿದ ಪ್ರೇಕ್ಷಕ ವಿಧಾನದಲ್ಲಿ ಈ ವಿಳಂಬ ಮೂರು ನಿಮಿಷಗಳದ್ದು. ನೇರಪ್ರಸಾರವೆಂದು ಕರೆಯಲಾಗುವ ಈ ಪಂದ್ಯಗಳು ಹೀಗೆ ಬಹುಮಟ್ಟಿಗೆ ಈಗಷ್ಟೇ ಕಳೆದುಹೋದ ಕಾಲದವು.

ಪಂದ್ಯವೀಕ್ಷಣೆ ಸಾಮೂಹಿಕ ಮನರಂಜನೆಯಾಗಿ ಮೊದಲು ಬೇರೂರಿದ್ದು ದಕ್ಷಿಣ ಕೊರಿಯಾದಲ್ಲಿ. 2000ದಲ್ಲಿ ಆರಂಭವಾದ ಆನ್‌ಗೇಮ್‌ನೆಟ್ ವಾಹಿನಿ ಸ್ಟಾರ್‌ಕ್ರಾಫ್ಟ್ ಪಂದ್ಯಗಳನ್ನು ದೂರದರ್ಶನದ ನಿತ್ಯದ ಕಾರ್ಯಕ್ರಮವಾಗಿಸಿತು. 2004ರಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಸ್ಟಾರ್‌ಕ್ರಾಫ್ಟ್ ಪ್ರೊಲೀಗ್‌ನ ಅಂತಿಮ ಪಂದ್ಯಕ್ಕೆ ಒಂದು ಲಕ್ಷದಷ್ಟು ಜನ ಸೇರಿದ್ದರೆಂದು ಆಗ ವರದಿಯಾಗಿತ್ತು. ಈ ಪ್ರಸಾರಗಳಿಂದ ಅಬ್ಸರ್ವರ್ ಎಂಬ ವೃತ್ತಿ ರೂಪುಗೊಂಡಿತು. ಪಂದ್ಯದೊಳಗೆ ಪ್ರೇಕ್ಷಕನಾಗಿ ಕುಳಿತು, ಆ ಕ್ಷಣದಲ್ಲಿ ಭೂಪಟದ ಯಾವ ಮೂಲೆ ವೀಕ್ಷಕರಿಗೆ ಕಾಣಬೇಕೆಂದು ಆರಿಸುವುದು ಅವನ ಕೆಲಸ. ಕ್ರಿಕೆಟ್ಟಿನ ಕ್ಯಾಮೆರಾ ಚೆಂಡನ್ನು ಹಿಂಬಾಲಿಸಿದರೆ ಬಹುಪಾಲು ಆಟ ಸಿಕ್ಕಿಬಿಡುತ್ತದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಹಿಂಬಾಲಿಸಲು ಚೆಂಡೇ ಇಲ್ಲ, ಮೂರು ಕಡೆ ಒಟ್ಟಿಗೆ ಯುದ್ಧ ನಡೆಯುತ್ತಿರಬಹುದು. ಪಬ್‌ಜಿಯಂಥ ಬ್ಯಾಟಲ್ ರಾಯಲ್ ಆಟಗಳಲ್ಲಿ ನೂರು ಜನರವರೆಗೆ ವಿಶಾಲ ದ್ವೀಪದಲ್ಲಿ ಚದುರಿಹೋಗಿರುವುದರಿಂದ ಒಬ್ಬ ಅಬ್ಸರ್ವರ್‌ನಿಂದ ಕೆಲಸ ಸಾಗದೆ, ಹಲವರು ಬೇರೆ ಬೇರೆ ತಂಡಗಳನ್ನು ಹಂಚಿಕೊಂಡು ನೋಡಬೇಕಾಗುತ್ತದೆ; ಅಷ್ಟಾಗಿಯೂ ನಿರ್ಣಾಯಕ ಕಾಳಗವೊಂದು ಪರದೆಗೆ ಬಾರದೆ ಉಳಿಯುವುದು ಅಪರೂಪವಲ್ಲ. ವೀಕ್ಷಕ ವಿವರಣೆಕಾರರಿಗೆ ದೊರೆಯುವ ಕೀರ್ತಿ ಅಬ್ಸರ್ವರ್‌ಗಳಿಗೆ ದೊರೆತಿಲ್ಲವಾದರೂ ಪಂದ್ಯದ ಕಥೆಯನ್ನು ಮೊದಲು ಹೇಳುವವರು ಅವರೇ.

ಪ್ರೇಕ್ಷಕರ ಆಕರ್ಷಣೆಗೆ ಕಾರಣವೇನೆಂಬುದನ್ನು ಸ್ಟಾರ್‌ಕ್ರಾಫ್ಟ್‌ನ ಆಧಾರದ ಮೇಲೆ ಗಿಫರ್ಡ್ ಚುಂಗ್ ಮತ್ತು ಜೆಫ್ ಹುವಾಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿ, ಮಾಹಿತಿಯ ಅಸಮತೋಲನಕ್ಕೆ ವಿಶೇಷ ಮಹತ್ತ್ವ ನೀಡಿದ್ದಾರೆ. ಈ ಆಟದಲ್ಲಿ ತನ್ನ ಪಡೆಯ ದೃಷ್ಟಿಗೆ ಎಟುಕದ ಪ್ರದೇಶವೆಲ್ಲ ಆಟಗಾರನಿಗೆ ಮಬ್ಬಾಗಿರುತ್ತದೆ, ಪ್ರೇಕ್ಷಕನಿಗಾದರೋ ಎರಡೂ ಕಡೆಯ ಸಿದ್ಧತೆ ಕಾಣುತ್ತಿರುತ್ತದೆ. ಮರೆಯಲ್ಲಿ ಹೊಂಚುಹಾಕಿರುವ ಸೇನೆಯತ್ತ ಏನೂ ಅರಿಯದೆ ಸಾಗುತ್ತಿರುವವನನ್ನು ನೋಡುವ ಕಾತರ, ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕನಿಗೆ ತಿಳಿದಿರುವ ನಾಟಕದ ಸನ್ನಿವೇಶದ್ದೇ ಜಾತಿಯದು. ಅದೇ ಅಧ್ಯಯನ ಇದರ ಇನ್ನೊಂದು ಮುಖವನ್ನೂ ಗುರುತಿಸುತ್ತದೆ: ಆಟಗಾರನ ಮನಸ್ಸಿನಲ್ಲಿರುವ ಯೋಜನೆ ಪ್ರೇಕ್ಷಕನಿಗೆ ಗುಟ್ಟಾಗಿಯೇ ಉಳಿಯುತ್ತದೆ.

ಪ್ರೇಕ್ಷಕನಿಗೆ ಇಷ್ಟು ತಿಳಿದಿರುವುದೇ ಮೋಸಕ್ಕೂ ದಾರಿಯಾಯಿತು. 2012ರ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸಭಾಂಗಣದ ದೊಡ್ಡ ಪರದೆಯಲ್ಲಿದ್ದ ಪ್ರೇಕ್ಷಕರ ಭೂಪಟದತ್ತ ಆಟಗಾರನೊಬ್ಬ ಕತ್ತು ತಿರುಗಿಸಿ ನೋಡಿದ ಕಾರಣಕ್ಕೆ, ಕೊರಿಯಾದ ಅಜುಬು ಫ್ರಾಸ್ಟ್ ತಂಡಕ್ಕೆ 30,000 ಡಾಲರ್ ದಂಡ ಬಿದ್ದಿತು. 2020ರಲ್ಲಿ ಬಯಲಾದ ಪ್ರಕರಣ ಇದಕ್ಕಿಂತ ಗಂಭೀರವಾದದ್ದು. ಕೌಂಟರ್‌ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್ ಆಟದಲ್ಲಿ ತಂಡದ ತರಬೇತುದಾರ ತನ್ನವರ ನೋಟಕ್ಕಷ್ಟೇ ಬದ್ಧನಾದ ಪ್ರೇಕ್ಷಕನಾಗಿ ಕೂರುವ ಏರ್ಪಾಡಿತ್ತು, ತಂತ್ರಾಂಶದ ದೋಷವೊಂದರಿಂದ ಅವನ ಕ್ಯಾಮೆರಾ ಭೂಪಟದ ಯಾವುದೋ ಜಾಗದಲ್ಲಿ ನೆಟ್ಟು ನಿಂತು, ಎದುರಾಳಿಗಳ ಓಡಾಟ ಕಾಣುವಂತಾಗುತ್ತಿತ್ತು. ಅದನ್ನು ಬಳಸಿಕೊಂಡ ಆರೋಪದ ಮೇಲೆ ಇ-ಕ್ರೀಡೆಗಳ ಪ್ರಾಮಾಣಿಕತೆಯ ಆಯೋಗ ಆ ವರ್ಷದ ಸೆಪ್ಟೆಂಬರಿನಲ್ಲಿ 37 ತರಬೇತುದಾರರ ಮೇಲೆ ನಿಷೇಧ ಹೇರಿತು. ತನಿಖೆಗೆ ಆಧಾರವಾದದ್ದು ಹಳೆಯ ಪಂದ್ಯಗಳ ಡೆಮೊ ಕಡತಗಳೇ.

ಟ್ವಿಚ್ (2011) ಮೊದಲಾದ ತಾಣಗಳು ಬಂದ ಮೇಲೆ, ಆಟವನ್ನು ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಳ್ಳದವನೂ ವಿಡಿಯೊ ರೂಪದಲ್ಲಿ ಪಂದ್ಯ ನೋಡುವಂತಾಯಿತು. ಅಮೆಜಾನ್ 2014ರಲ್ಲಿ ಟ್ವಿಚ್ ತಾಣವನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡುಕೊಂಡಿತು. ಇಂಥ ತಾಣಗಳೊಂದಿಗೆ ಪಂದ್ಯದ ನೋಟ ಯಾರ ಸ್ವತ್ತು ಎಂಬ ವಿವಾದವೂ ತಲೆದೋರಿತು. 2015ರಲ್ಲಿ ಅಭಿಮಾನಿಯೊಬ್ಬ ಲೀಗ್ ಆಫ್ ಲೆಜೆಂಡ್ಸ್‌ನ ಪ್ರೇಕ್ಷಕ ವಿಧಾನವನ್ನು ಬಳಸಿ, ಫೇಕರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಕೊರಿಯಾದ ಆಟಗಾರನ ಎಲ್ಲ ಪಂದ್ಯಗಳನ್ನೂ ಟ್ವಿಚ್‌ನಲ್ಲಿ ಬಿತ್ತರಿಸತೊಡಗಿದ. ಫೇಕರ್ ಅದಾಗಲೇ ಬೇರೊಂದು ತಾಣದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಆ ತಾಣ ಹಕ್ಕುಸ್ವಾಮ್ಯದ ದೂರು ನೀಡಿತಾದರೂ ಆಟದ ದೃಶ್ಯಗಳ ಒಡೆತನ ಅದರದೂ ಅಲ್ಲ, ಆಟಗಾರನದೂ ಅಲ್ಲ, ತಯಾರಕರಾದ ರಯಟ್ ಗೇಮ್ಸ್ ಸಂಸ್ಥೆಯದು ಎಂಬುದು ಸ್ಪಷ್ಟವಾಯಿತು. ಕೊನೆಗೆ ರಯಟ್ ಸಂಸ್ಥೆಯೇ ಮುಂದಾಗಿ ಆ ಪ್ರಸಾರವನ್ನು ನಿಲ್ಲಿಸಿತು. ಕಬಡ್ಡಿಯ ಒಡೆಯ ಇಂಥವನೆಂದು ಯಾರೂ ಹೇಳಲಾರರು, ವಿಡಿಯೊ ಗೇಮಿಗೆ ಒಡೆಯನಿದ್ದೇ ಇದ್ದಾನೆ.

ಭಾರತದಲ್ಲಿ ಪಂದ್ಯವೀಕ್ಷಣೆ ಹಬ್ಬಿದ್ದು ಬಹುಮಟ್ಟಿಗೆ ಮೊಬೈಲ್ ಫೋನಿನ ಮೂಲಕ. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿದ ಬಳಿಕ, ಕ್ರಾಫ್ಟನ್ ಸಂಸ್ಥೆ 2021ರಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆವೃತ್ತಿಯನ್ನು ಹೊರತಂದಿತು. 2022ರ ಜೂನ್-ಜುಲೈಯಲ್ಲಿ ಇದರ ಮಾಸ್ಟರ್ಸ್ ಸೀರೀಸ್ ಪಂದ್ಯಾವಳಿ ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಬಿತ್ತರಗೊಂಡು, ಫೋನಿನಲ್ಲಿ ಆಡುವ ಆಟವೊಂದು ಕ್ರಿಕೆಟ್, ಕಬಡ್ಡಿಗಳ ಪಕ್ಕದಲ್ಲಿ ಮನೆಯ ಟಿವಿಗೆ ಬಂದಿತು. ಆ ಪಂದ್ಯಾವಳಿ ಮುಗಿದ ಕೆಲವೇ ದಿನಗಳಲ್ಲಿ, ಜುಲೈ ಕೊನೆಗೆ, ಸರ್ಕಾರದ ಆದೇಶದಂತೆ ಆಟವನ್ನು ಆ್ಯಪ್ ಅಂಗಡಿಗಳಿಂದ ತೆಗೆದುಹಾಕಲಾಯಿತು. ಅದು ಮರಳಿ ದೊರೆತದ್ದು 2023ರ ಮೇ ತಿಂಗಳಲ್ಲಿ.